ಕರಿಯಣ್ಣನ ಎಡ ಮಗ್ಗುಲು

ಹೋದ ತಿಂಗಳು ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಹೋಗುವಾಗ ರಸ್ತೆ ತುಂಬ ಕುರಿ ಮಂದೆ ಅಡ್ಡ ಬಂತು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಎಂಜಿನ್ ಆರಿಸಿದ. ಬೆಳಗ್ಗೆ ಒಂದು ಹದ ಮಳೆಯಾಗಿತ್ತು. ನೆಂದ ಉಣ್ಣೆಯ ವಾಸನೆ, ಜೊತೆಗೆ ಹಿಕ್ಕೆಯದ್ದು, ಕಾರಿನ ಒಳಗೆಲ್ಲ ತುಂಬಿಕೊಂಡಿತು. ನಾನು ಗಾಜು ಏರಿಸಿದೆ.

"ವಾಸ್ನೆ ಆಗಲ್ವಾ ಮೇಡಂ?" ಎಂದ.

ಆಗಲ್ಲ ಎಂದೆ. ಅದು ಸುಳ್ಳು. ವಾಸನೆಗೇನಾಗಿದೆ? ಮಂದೆಯ ಹಿಂದೆ ಬರುವವರ ಮುಖ ನೋಡುವುದು ಬೇಡವಾಗಿತ್ತು, ಅಷ್ಟೆ. ಆದರೂ ನೋಡಿದೆ. ಯಾರೋ ಹೆಂಗಸು, ಕೊಡೆ ಹಿಡಿದು ತನ್ನ ಪಾಡಿಗೆ ತಾನು ಹೋದಳು. ಕರಿಯಣ್ಣ ತೀರಿಕೊಂಡು ಎಷ್ಟೋ ವರ್ಷಗಳಾದವು. ಮಂದೆ ಕಂಡಾಗಲೆಲ್ಲ ನಾನು ಈಗಲೂ ಅವರನ್ನೇ ಹುಡುಕುತ್ತೇನೆ. ಸಿಕ್ಕರೆ ಏನು ಹೇಳಬೇಕು ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ನನಗೆ ಇಪ್ಪತ್ತೊಂಬತ್ತು. ರೇಡಿಯಾಲಜಿ ಓದು ಮುಗಿಸಿ ಚಿತ್ರದುರ್ಗದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಸೇರಿದ್ದೆ. ಅದರ ಹೆಸರು ಬೇಡ. ಈಗ ಅದಕ್ಕೆ ಮಾಲೀಕರೂ ಬೇರೆ, ಬಣ್ಣವೂ ಬೇರೆ. ಆಷಾಢದ ಗಾಳಿ ಊರನ್ನು ಅಲ್ಲಾಡಿಸುತ್ತಿತ್ತು. ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಹಗಲೆಲ್ಲ ಬಿಡುವಿಲ್ಲದೆ ತಿರುಗುತ್ತಿದ್ದವು. ಹೊರಗೆ ಅಷ್ಟು ಗಾಳಿ, ಒಳಗೆ ನನ್ನ ಕೋಣೆಯಲ್ಲಿ ಕಿಟಕಿಯೇ ಇಲ್ಲ. ಎರಡು ತೆರೆ, ಒಂದು ಕುರ್ಚಿ, ಯಂತ್ರಕ್ಕೆ ಸೆಕೆಯಾಗದಿರಲಿ ಎಂದು ಮೂಳೆ ಕೊರೆಯುವ ಏಸಿ. ಅದರ ಮುಂದೆ ಶಾಲು ಹೊದ್ದು ಕೂತ ನಾನು.

ಸಿ.ಟಿ. ಎಂದರೆ ಮಲಗಿದ ಮನುಷ್ಯನನ್ನು ಸೌತೆಕಾಯಿಯ ಹಾಗೆ ಬಿಲ್ಲೆ ಬಿಲ್ಲೆಯಾಗಿ ತೆರೆಯ ಮೇಲೆ ತೋರಿಸುವ ಯಂತ್ರ. ಒಂದು ಹೊಟ್ಟೆಗೆ ನೂರಾರು ಬಿಲ್ಲೆ. ಅಷ್ಟನ್ನೂ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿ ಏನೇನಿದೆ ಎಂದು ಬರೆಯುವುದು ನಮ್ಮ ಕೆಲಸ. ನನ್ನ ಜೊತೆ ಓದಿದವರೆಲ್ಲ ದೊಡ್ಡ ಊರುಗಳಲ್ಲಿ ಮಿದುಳು, ಎದೆ, ಕೀಲುಮೂಳೆ, ಮಕ್ಕಳು ಎಂದು ಒಬ್ಬೊಬ್ಬರು ಒಂದೊಂದು ಕೋಣೆ ಹಿಡಿದಿದ್ದರು. ದುರ್ಗದಲ್ಲಿ ಅಂಥದ್ದೆಲ್ಲ ಎಲ್ಲಿ? ಹೆದ್ದಾರಿಯಲ್ಲಿ ಬಿದ್ದವನ ತಲೆ ನೋಡಿ ಮುಗಿಸುವಷ್ಟರಲ್ಲಿ ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿಯ ಬೆನ್ನು ಬರುತ್ತಿತ್ತು, ಅದರ ಹಿಂದೆಯೇ ಇನ್ಯಾರದೋ ಎದೆ. ಎಲ್ಲ ವಿಭಾಗದವರಿಗೂ ಸಿ.ಟಿ. ಬೇಕು, ಸಿ.ಟಿ. ಮಾತ್ರ ಯಾವ ವಿಭಾಗದ ಸ್ವತ್ತೂ ಅಲ್ಲ. ನಾನೂ ಹಾಗೆಯೇ ಆಗಿಬಿಟ್ಟಿದ್ದೇನೆ ಎಂದು ನನಗೆ ಕೊರಗು. ಹೊಟ್ಟೆಯ ಸ್ಕ್ಯಾನಿನಲ್ಲೇ ವಿಶೇಷ ತರಬೇತಿ ಪಡೆಯಬೇಕು, ಲಿವರ್ ಎಂದರೆ ನನ್ನನ್ನೇ ಕರೆಯಬೇಕು ಎಂಬ ಆಸೆ ಇತ್ತು. ಆ ಸೀಟಿಗೆ ಅರ್ಜಿ ಹಾಕಲು ಒಳ್ಳೆಯ ವೈದ್ಯಕೀಯ ಪತ್ರಿಕೆಯಲ್ಲಿ ಒಂದಾದರೂ ಲೇಖನ ಅಚ್ಚಾಗಿರಬೇಕಿತ್ತು.

ಹೀಗೆ ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾಗ ಕರಿಯಣ್ಣ ಬಂದರು.

ಮಾರಿಕಣಿವೆಯ ಹಿನ್ನೀರಿನ ಕಡೆಯ ಒಂದು ಹಳ್ಳಿಯವರು, ಹೊಸದುರ್ಗ ತಾಲ್ಲೂಕು. ವಯಸ್ಸು ಐವತ್ತೆರಡು ಎಂದು ಬರೆಸಿದ್ದರು. ಕುರಿ ಸಾಕುವುದೇ ಕೆಲಸ. ಜೊತೆಗೆ ಹೆಂಡತಿ ಕೆಂಚಮ್ಮ ಮತ್ತು ಆಗಷ್ಟೇ ನರ್ಸಿಂಗ್ ಓದಲು ಸೇರಿದ್ದ ಮಗಳು ನೇತ್ರಾ. ಬಲಗಡೆ ಪಕ್ಕೆಯ ಕೆಳಗೆ ಆರು ತಿಂಗಳಿಂದ ನೋವು. ಯಂತ್ರದೊಳಗೆ ಮಲಗಿಸಿದಾಗ ಅದು ಹಿಂದಿಯಲ್ಲಿ ಉಸಿರು ಹಿಡಿಯಲು ಹೇಳಿತು. ಕರಿಯಣ್ಣ ಅದರ ಮುಖವನ್ನೇ ನೋಡುತ್ತ ಮಲಗಿದರು. ನಮ್ಮ ಟೆಕ್ನಿಷಿಯನ್ ರುದ್ರೇಶ ಗಾಜಿನ ಈಚೆಯಿಂದ ಮೈಕಿನಲ್ಲಿ ಕೂಗಿದ, "ಉಸುರು ಬಿಗಿ ಹಿಡೀರಿ ಯಜಮಾನ್ರೇ! ಬಿಡು ಅನ್ನಗಂಟ ಬಿಡಬ್ಯಾಡ್ರಿ!"

ಅವರು ಹಿಡಿದರು. ಸ್ಕ್ಯಾನ್ ಮುಗಿದರೂ ಬಿಡಲಿಲ್ಲ. ಬಿಡಲು ಹೇಳುವುದನ್ನು ರುದ್ರೇಶ ಮರೆತಿದ್ದ. ಕೊನೆಗೆ ನಾನೇ ಓಡಿ ಹೋಗಿ, "ಬಿಡ್ರಿ ಯಜಮಾನ್ರೇ, ಬಿಡ್ರಿ" ಎಂದಾಗ ಕೆಂಪಗಾದ ಮುಖದಲ್ಲಿ ನಕ್ಕರು. "ಹೇಳ್ದಂಗೆ ಕೇಳ್ಬೇಕಲ್ಲವ್ವ. ನಂಗೇನ್ ಗೊತ್ತೈತೆ," ಎಂದರು.

ತೆರೆಯ ಮೇಲೆ ಲಿವರಿನ ಬಿಲ್ಲೆಗಳು ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಾಯಿಯ ಕರುಳಿನಲ್ಲಿ ಒಂದು ಹುಳು ಇರುತ್ತದೆ. ಅದು ನಾಯಿಯಿಂದ ಕುರಿಗೆ, ಕುರಿಯಿಂದ ನಾಯಿಗೆ ಸುತ್ತುತ್ತಿರುತ್ತದೆ. ಅದರ ಮೊಟ್ಟೆ ಹೇಗೋ ಮನುಷ್ಯನ ಹೊಟ್ಟೆ ಸೇರಿದರೆ ಲಿವರಿನಲ್ಲಿ ನೀರುಗುಳ್ಳೆ ಕಟ್ಟುತ್ತದೆ. ಮಂದೆಯ ಜೊತೆ ಬದುಕುವವರಲ್ಲಿ ಇದು ಅಪರೂಪವಲ್ಲ. ಆದರೆ ಕರಿಯಣ್ಣನ ಗುಳ್ಳೆಯೊಳಗೆ ಪೊರೆ ಕಳಚಿಕೊಂಡು ನೀರಿನ ಮೇಲೆ ನೈದಿಲೆ ಎಲೆಯ ಹಾಗೆ ತೇಲುತ್ತಿತ್ತು. ಪುಸ್ತಕಗಳಲ್ಲೂ ಅಷ್ಟು ಚೊಕ್ಕವಾದ ಚಿತ್ರ ನಾನು ನೋಡಿರಲಿಲ್ಲ. ಸುಂದರವಾಗಿತ್ತು. ಈ ಮಾತನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಹತ್ತೇ ನಿಮಿಷದಲ್ಲಿ ವರದಿ ಮುಗಿಸಿದೆ. ಇಲ್ಲಿ ನಮ್ಮ ಕಸುಬಿನ ಒಂದು ಸಂಗತಿ ಹೇಳಬೇಕು. ವರದಿಯನ್ನು ನಾವು ಮೊದಲಿನಿಂದ ಬರೆಯುವುದಿಲ್ಲ. ಕಂಪ್ಯೂಟರಿನಲ್ಲಿ ಒಂದು ಸಿದ್ಧ ನಮೂನೆ ಇರುತ್ತದೆ. ಅದರಲ್ಲಿ ಲಿವರ್ ಸಹಜ, ಪಿತ್ತಕೋಶ ಸಹಜ, ಎರಡೂ ಕಿಡ್ನಿ ಸಹಜ ಎಂದು ಎಲ್ಲವೂ ಮೊದಲೇ ಬರೆದಿರುತ್ತದೆ. ಕೆಟ್ಟದ್ದು ಕಂಡ ಕಡೆ ಮಾತ್ರ ತಿದ್ದುತ್ತೇವೆ. ನಾನು ಲಿವರಿನ ಸಾಲನ್ನು ತಿದ್ದಿ ಮುಕ್ಕಾಲು ಪುಟ ಬರೆದೆ. ಮಿಕ್ಕದ್ದು ಇದ್ದ ಹಾಗೆಯೇ ಇತ್ತು. ನಾನು ಕಿಡ್ನಿ ನೋಡುವ ಮೊದಲೇ ಕಿಡ್ನಿ ಸಹಜವಾಗಿತ್ತು.

ದಾವಣಗೆರೆಯಲ್ಲಿ ಆಪರೇಷನ್ ಆಯಿತು, ಗುಳ್ಳೆ ತೆಗೆದರು. ಕರಿಯಣ್ಣ ಎದ್ದು ಓಡಾಡತೊಡಗಿದ ಮೇಲೆ ಲೇಖನಕ್ಕೆ ಒಪ್ಪಿಗೆ ಕೇಳಲು ಕರೆಸಿಕೊಂಡೆ.

"ನನ್ ಫೋಟೋ ಹಾಕ್ತೀರೇನವ್ವ?"

"ನಿಮ್ಮ ಫೋಟೋ ಅಲ್ಲ. ಹೊಟ್ಟೆ ಒಳಗಿಂದು."

"ಹೆಸ್ರು?"

"ಹೆಸರು ಹಾಕೋ ಹಂಗಿಲ್ಲ."

"ಹೆಸ್ರಿಲ್ಲ, ಮುಖ ಇಲ್ಲ. ಹಾಕ್ಕಳ್ರಿ ಬಿಡ್ರಿ, ನಂದೇನ್ ಹೋಗ್ತೈತೆ," ಎಂದು ನಕ್ಕು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ಆ ಚಳಿಗಾಲವೆಲ್ಲ ಲೇಖನ ಬರೆದೆ. ಪತ್ರಿಕೆಯ ವೆಬ್‌ಸೈಟಿನಲ್ಲಿ ಅದು ಯಾವ ವಿಭಾಗಕ್ಕೆ ಸೇರಿದ್ದು ಎಂದು ಗುರುತು ಹಾಕಬೇಕಿತ್ತು. ಲಿವರ್ ಒಂದು, ಕಿಡ್ನಿ ಮತ್ತೊಂದು, ಎದೆ ಇನ್ನೊಂದು. ಒಂದಕ್ಕಿಂತ ಹೆಚ್ಚು ಗುರುತು ಹಾಕಲು ಬಿಡುತ್ತಿರಲಿಲ್ಲ. ಲಿವರ್ ಎಂದು ಹಾಕಿದೆ. ಚಿತ್ರ ಎದ್ದು ಕಾಣಲಿ ಎಂದು ಲಿವರಿನ ಸುತ್ತ ಅಂಚು ಕತ್ತರಿಸಿದೆ. ಕರಿಯಣ್ಣನ ಹೆಸರನ್ನು ನಾನೇ ಅಳಿಸಿದೆ, ಅವರ ಎಡ ಮಗ್ಗುಲನ್ನೂ ನಾನೇ ಕತ್ತರಿಸಿ ಎಸೆದೆ. ಸಂಪಾದಕರ ಕಚೇರಿಯಿಂದ ಕತ್ತರಿಸದ ಪೂರ್ತಿ ಚಿತ್ರವೂ ಬೇಕೆಂದು ಕೇಳಿದರು. ಅದನ್ನು ಮತ್ತೊಮ್ಮೆ ನೋಡದೆಯೇ ಜೊತೆಗೆ ಸೇರಿಸಿ ಕಳಿಸಿದೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಉತ್ತರ ಬಂತು. ಲೇಖನ ಓದಿ ಅಭಿಪ್ರಾಯ ಬರೆಯುವ ತಜ್ಞರು ಇಬ್ಬರು; ಅವರು ಯಾರೆಂದು ನಮಗೆ ತಿಳಿಯುವುದಿಲ್ಲ. ಮೊದಲನೆಯವರು ಚಿತ್ರವನ್ನು ಬಾಯ್ತುಂಬ ಹೊಗಳಿದ್ದರು. ಎರಡನೆಯವರದು ಒಂದೇ ಸಾಲು: ಪೂರ್ತಿ ಚಿತ್ರದಲ್ಲಿ ಎಡ ಕಿಡ್ನಿಯ ಮೇಲ್ಭಾಗದಲ್ಲಿ ಗಡ್ಡೆಯಂಥದ್ದು ಕಾಣುತ್ತಿದೆ, ಅದರ ಬಗ್ಗೆ ಲೇಖಕರು ಏನು ಮಾಡಿದ್ದಾರೆ?

ಚಿತ್ರ ತೆರೆದೆ. ಇತ್ತು. ಸಣ್ಣ ನಿಂಬೆಹಣ್ಣಿನಷ್ಟು. ಹುಡುಕುವ ಅಗತ್ಯವೇ ಇರಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿಯೂ ತೋರಿಸುತ್ತಿದ್ದ. ಒಂಬತ್ತು ತಿಂಗಳು ಅದೇ ಚಿತ್ರವನ್ನು ದಿನಾ ನೋಡಿದ್ದೆ, ಮನೆಯವರಿಗೆ ತೋರಿಸಿದ್ದೆ, ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ಅಷ್ಟು ದಿನವೂ ಅದು ಅಲ್ಲೇ ಕೂತು ನನ್ನನ್ನು ನೋಡುತ್ತಿತ್ತು. ರುದ್ರೇಶ ಹೊರಗಿನಿಂದ "ಮೇಡಂ, ಪೇಷೆಂಟ್ ರೆಡಿ" ಎಂದು ಎರಡು ಸಲ ಕೂಗಿದ. ನಾನು ಚಿತ್ರವನ್ನು ಹಿರಿಯ ಡಾಕ್ಟರಿಗೆ ತೋರಿಸಲು ಎದ್ದೆ.

ನಮ್ಮ ಹಿರಿಯ ಡಾಕ್ಟರರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಲೇಖನದಲ್ಲಿ ಅವರದ್ದು ಎರಡನೆಯ ಹೆಸರು. ಕೆಟ್ಟವರಲ್ಲ. ಚಿತ್ರ ನೋಡಿದರು. "ಮೊದ್ಲು ಆ ಮನುಷ್ಯನ್ನ ಕರೆಸು. ಇವತ್ತೇ," ಎಂದರು. ಬಾಗಿಲ ತನಕ ಹೋದ ನನ್ನನ್ನು ಮತ್ತೆ ಕರೆದರು.

"ಪತ್ರಿಕೆಯವ್ರಿಗೆ ಒಂದು ವಾಕ್ಯ ಸೇರ್ಸಿ ಕಳ್ಸಮ್ಮ. ಇದೇ ಸ್ಕ್ಯಾನಲ್ಲಿ ಎಡ ಕಿಡ್ನಿಯ ಗಡ್ಡೆನೂ ಗುರುತಿಸಲಾಯಿತು, ರೋಗಿಗೆ ತಿಳಿಸಿ ಮುಂದಿನ ಪರೀಕ್ಷೆಗೆ ಸೂಚಿಸಲಾಯಿತು ಅಂತ."

"ಗುರುತಿಸಿರ್ಲಿಲ್ಲ ಸರ್."

"ಈಗ ಗುರುತಿಸಿದೀವಲ್ಲ. ಯಾವಾಗ ಅಂತ ಯಾರು ಕೇಳ್ತಾರೆ?"

ಬರೆದೆ. ಅವರ ಮೇಲೆ ಹಾಕಿ ನಾನು ಪಾರಾಗಬಹುದು, ಆದರೆ ಬೆರಳು ನನ್ನವು. ಬರೆದು ಕಳಿಸಿ, ಆಮೇಲೆಯೇ ಕರಿಯಣ್ಣನ ಫೋನಿಗೆ ಕರೆ ಮಾಡಿದೆ. ಈ ಎರಡು ಕೆಲಸ ಯಾವ ಸರದಿಯಲ್ಲಿ ಮಾಡಿದೆ ಎಂಬುದು ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ.

ಫೋನ್ ಸ್ವಿಚ್ ಆಫ್ ಆಗಿತ್ತು. ಮಾರನೆಯ ದಿನ ರುದ್ರೇಶನನ್ನು ಕರೆದುಕೊಂಡು ಅವರ ಹಳ್ಳಿಗೆ ಹೋದೆ. ಮನೆಯಲ್ಲಿ ಕೆಂಚಮ್ಮ ಒಬ್ಬರೇ ಇದ್ದರು.

"ಬರ್ರಿ ಡಾಕ್ಟ್ರಮ್ಮ, ಕುಂತ್ಕಳ್ರಿ. ಅವ್ರು ಮಂದೆ ಹೊಡ್ಕಂಡು ಹೋಗಿ ತಿಂಗ್ಳಾಯ್ತು. ಹೊಳಲ್ಕೆರೆ ಕಡೆ ತೋಟದಾಗೆ ನಿಲ್ಸಾಕೆ ಕರ್ದಿದ್ರು. ಯಾವ ತೋಟ ಅಂತ ಹೆಂಗ್ ಹೇಳಾದು? ಎರ್ಡು ದಿನ ಇಲ್ಲಿ, ಮೂರು ದಿನ ಅಲ್ಲಿ."

ಬೇಸಿಗೆಯಲ್ಲಿ ಹೀಗೆಯೇ. ಗೊಬ್ಬರಕ್ಕೆಂದು ತೋಟದವರು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಒಂದು ತೋಟ ಮುಗಿದರೆ ಮುಂದಿನದು. ವಿಳಾಸವೆಂಬುದು ಇರುವುದಿಲ್ಲ. "ಹೋಗಾಣ ನಡೀರಿ ಮೇಡಂ. ಕುರಿ ಏನ್ ಸೂಜಿನಾ, ಕಾಣ್ದಿರಾಕೆ?" ಎಂದ ರುದ್ರೇಶ. ನಾನು ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತೆಂದೇ ನನ್ನ ಗುಮಾನಿ.

ಎರಡು ದಿನ ಸುತ್ತಿದೆವು. ಅಂಗಡಿ, ಬೋರ್‌ವೆಲ್, ತೋಟದ ಬಾಗಿಲು, ಎಲ್ಲ ಕಡೆಯೂ ಅದೇ ಪ್ರಶ್ನೆ. ಮೊನ್ನೆ ಇದ್ರು, ನಿನ್ನೆ ಎದ್ರು ಎಂಬ ಉತ್ತರ. ನೆಲದ ಮೇಲೆ ಹಿಕ್ಕೆ ಒಣಗಿದೆಯೋ ಹಸಿಯಿದೆಯೋ ಎಂದು ರುದ್ರೇಶ ಕಾಲಿನಿಂದ ಒತ್ತಿ ನೋಡುತ್ತಿದ್ದ. ಎರಡನೆಯ ದಿನ ಸಂಜೆ ಇಳಿಯುವ ಮುಂಚೆ ರಾಮಗಿರಿಯಲ್ಲಿ, ರೈಲ್ವೆ ಹಳಿಯ ಆಚೆಯ ತೆಂಗಿನ ತೋಟದಲ್ಲಿ ಸಿಕ್ಕರು. ಬಲೆ ಕಟ್ಟಿ ಕುರಿ ಒಳಗೆ ಬಿಡುತ್ತಿದ್ದರು. ಮೊದಲಿಗಿಂತ ಇಳಿದುಹೋಗಿದ್ದರು. ನನ್ನನ್ನು ನೋಡಿ ಹಗ್ಗ ಕೈಯಲ್ಲೇ ಹಿಡಿದು ನಿಂತರು.

"ಇದೇನವ್ವ, ಇಲ್ಲಿಗಂಟ?"

ಹೇಳಬೇಕೆಂದೇ ಹೋಗಿದ್ದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಇನ್ನೊಂದು ಸಲ ಸ್ಕ್ಯಾನ್ ಮಾಡಾಣ ಯಜಮಾನ್ರೇ. ಲಿವರ್ ಹೆಂಗೈತೆ ನೋಡ್ಬೇಕು."

"ಅಷ್ಟಕ್ಕೆ ಹುಡಿಕ್ಕಂಡು ಬಂದ್ರಾ? ಒಡಹುಟ್ಟಿದೋರು ಬರಲ್ಲ ಕಣವ್ವ ಇಷ್ಟು ದೂರ," ಎಂದರು. ಅವರ ಕಣ್ಣು ತುಂಬಿಕೊಂಡವು. ನಾನು ಕುರಿಗಳ ಕಡೆ ನೋಡುತ್ತ ನಿಂತೆ. ಬೇಡವೆಂದರೂ ಕೇಳದೆ ತಾವು ಮಾಡಿಟ್ಟಿದ್ದ ಮುದ್ದೆಯಲ್ಲಿ ಅರ್ಧ ಮುರಿದು ಉಣ್ಣಲು ಕೊಟ್ಟರು. ಒಂದು ತುತ್ತೂ ಬಿಡದೆ ನುಂಗಿದೆ.

ಮೂರನೆಯ ದಿನಕ್ಕೆ ಅವರು ದುರ್ಗಕ್ಕೆ ಬಂದರು. ಈ ಸಲ ಮೈಕಿನ ಮುಂದೆ ನಾನೇ ಕೂತಿದ್ದೆ. ಲಿವರ್ ಚೆನ್ನಾಗಿ ಮಾಗಿತ್ತು, ಗುಳ್ಳೆಯಿದ್ದ ಜಾಗವೇ ತಿಳಿಯುತ್ತಿರಲಿಲ್ಲ. ಎಡ ಕಿಡ್ನಿಯ ಗಡ್ಡೆ ಮೂರು ಪಟ್ಟು ಬೆಳೆದು ರಕ್ತನಾಳದೊಳಗೆ ಇಳಿದಿತ್ತು. ಮೇಲೆ, ಶ್ವಾಸಕೋಶದಲ್ಲಿ, ಚಿಕ್ಕ ಚಿಕ್ಕ ಗುಂಡುಗಳು; ಕ್ಯಾನ್ಸರ್ ಅಲ್ಲಿಗೂ ಹರಡಿತ್ತು. ಇಂಥ ಗಡ್ಡೆ ಸಾಮಾನ್ಯವಾಗಿ ನಿಧಾನ. ಇದು ಅವಸರದ್ದು. ಒಂಬತ್ತು ತಿಂಗಳ ಹಿಂದೆ ಆಗಿದ್ದರೆ ಒಂದು ಆಪರೇಷನ್ನಿನಲ್ಲಿ ಮುಗಿಯುತ್ತಿತ್ತು. ಬಹುಶಃ ಎಂದು ಸೇರಿಸಬೇಕಂತೆ, ನಮ್ಮ ಶಾಸ್ತ್ರ ಹಾಗೆ ಹೇಳುತ್ತದೆ. ಸೇರಿಸಿದ್ದೇನೆ.

ಕಿಡ್ನಿ ತೆಗೆದರು, ಮಾತ್ರೆ ಕೊಟ್ಟರು. ಕರಿಯಣ್ಣ ಮಳೆಗಾಲವನ್ನು ಹೇಗೋ ದಾಟಿದರು. ಪ್ರತಿ ಸಲ ಬಂದಾಗಲೂ ವರಾಂಡದಲ್ಲಿ ಕೂತವರಿಗೆಲ್ಲ ನನ್ನ ಕಥೆ ಹೇಳುತ್ತಿದ್ದರು. ಮಂದೆ ಹುಡುಕಿಕೊಂಡು ರಾಮಗಿರಿಗೆ ಬಂದ ಡಾಕ್ಟ್ರಮ್ಮನ ಕಥೆ. ಗೋಡೆಯ ಈಚೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಎದ್ದು ಹೋಗಿ ಅವರ ಬಾಯಿ ಮುಚ್ಚಬೇಕು ಅನ್ನಿಸುತ್ತಿತ್ತು. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಗಿಲ ತನಕ ಹೋಗಿ ಹಿಡಿಕೆ ಹಿಡಿದು ವಾಪಸ್ಸಾದೆ. ದೀಪಾವಳಿಗೆ ನಾಲ್ಕು ದಿನ ಮುಂಚೆ ತೀರಿಕೊಂಡರು. ಅದೇ ತಿಂಗಳು ಲೇಖನ ಅಚ್ಚಾಯಿತು, ಮೊದಲ ಹೆಸರು ನನ್ನದು. ನನಗೆ ಸೀಟು ಸಿಕ್ಕಿತು. ಎಷ್ಟೋ ಕಾಲದ ಮೇಲೆ ಪತ್ರಿಕೆಗೆ ಬರೆದು ಆ ವಾಕ್ಯವನ್ನು ತಿದ್ದಿಸಿದೆ. ಮೂಲೆಯಲ್ಲಿ ನಾಲ್ಕು ಸಾಲು ಹಾಕಿದರು. ತಿದ್ದುಪಡಿಯನ್ನು ಯಾರು ಓದುತ್ತಾರೆ?

ನಾನು ದುರ್ಗ ಬಿಡುವ ವಾರ ನೇತ್ರಾ ಬಂದಳು. ಕೈಯಲ್ಲಿ ಅಪ್ಪನ ಮೊದಲ ಸ್ಕ್ಯಾನಿನ ಫಿಲ್ಮು, ಜೊತೆಗೆ ಆ ಲೇಖನದ ಜೆರಾಕ್ಸ್. ಕಾಲೇಜಿನಲ್ಲಿ ಈ ಹುಳುವಿನ ಬಗ್ಗೆ ಸೆಮಿನಾರ್ ಕೊಡಬೇಕಿತ್ತಂತೆ. ಮೊಬೈಲಿನಲ್ಲಿ ಹುಡುಕಿದಾಗ ನನ್ನ ಹೆಸರು ಸಿಕ್ಕಿತು. ಫಿಲ್ಮನ್ನು ಬೆಳಕಿಗೆ ಹಿಡಿದು ಚಿತ್ರದ ಜೊತೆ ಹೋಲಿಸಿ ನೋಡಿದ್ದಳು.

"ಇದು ನಮ್ಮಪ್ಪನೇ ಅಲ್ವಾ ಮೇಡಂ?"

"ಹೌದು."

"ಕಿಡ್ನಿ ಗಡ್ಡೆ ಮೊದಲ್ನೇ ಸ್ಕ್ಯಾನ್‌ನಾಗೇ ಕಂಡಿತ್ತು, ಪೇಷೆಂಟಿಗೆ ತಿಳಿಸಿದ್ವಿ ಅಂತ ಬರ್ದೈತೆ. ನಮಗ್ಯಾರೂ ತಿಳಿಸ್ಲಿಲ್ಲ." ಅವಳ ದನಿ ಏರಲಿಲ್ಲ. "ಒಂಬತ್ತು ತಿಂಗ್ಳು ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

ನೋಡದೆ ಹೋದದ್ದೇ ನನ್ನ ದೊಡ್ಡ ಪಾಪ ಎಂದುಕೊಂಡಿದ್ದೆ. ಅದನ್ನು ಮುಚ್ಚಲು ಬರೆದ ವಾಕ್ಯ ನನ್ನನ್ನು ಇನ್ನೂ ಕೆಟ್ಟವಳನ್ನಾಗಿ ಮಾಡಿತ್ತು. ನೋಡಿ, ತಿಳಿದು, ಒಬ್ಬ ಮನುಷ್ಯನನ್ನು ಮಂದೆಯ ಹಿಂದೆ ಸಾಯಲು ಬಿಟ್ಟವಳು. ಅದು ನಾನಲ್ಲ ಎಂದು ಹೇಳಲು ಈಗ ಇನ್ನೊಂದನ್ನು ಒಪ್ಪಿಕೊಳ್ಳಬೇಕಿತ್ತು.

"ಗೊತ್ತಿರ್ಲಿಲ್ಲ ಕಣಮ್ಮ. ನಾನು ಆ ಕಡೆ ನೋಡ್ಲೇ ಇಲ್ಲ. ಲಿವರ್ ನೋಡಿ ಮೈಮರೆತೆ. ಪತ್ರಿಕೆಯವರು ತೋರ್ಸಿದ ಮೇಲೆ ನೋಡ್ದೆ. ಹೆದರಿ ಸುಳ್ಳು ಬರೆದೆ."

ನೇತ್ರಾ ಜೆರಾಕ್ಸ್ ಮಡಚಿ ಫಿಲ್ಮಿನ ಜೊತೆ ಸೇರಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ.

"ಅವ್ವ ಹೊರಗೆ ಕುಂತೈತೆ," ಎಂದಳು ಆಮೇಲೆ. "ನೀವು ಊರು ಬಿಡ್ತೀರಂತೆ, ಕೈ ಮುಗಿದು ಬರಾಣ ಅಂತ ನನ್ ಜೊತೆ ಬಂದೈತೆ. ನಾನೇನೂ ಹೇಳಿಲ್ಲ. ನೀವೇ ಹೇಳ್ರಿ."

ವರಾಂಡದ ಬೆಂಚಿನ ಮೇಲೆ ಕೆಂಚಮ್ಮ ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು. ಬೇಡ ಎಂದು ಪಕ್ಕದಲ್ಲಿ ಕೂತೆ. ಎದುರಿನ ಗೋಡೆ ನೋಡುತ್ತ ಎಲ್ಲ ಹೇಳಿದೆ. ಬೇರೆ ರೋಗಿಗಳೂ ಇದ್ದರು, ಕೇಳಿಸಿಕೊಂಡಿರಬಹುದು. ಮುಗಿದ ಮೇಲೆ ಕೆಂಚಮ್ಮ ಒಂದನ್ನೇ ಕೇಳಿದರು.

"ಇದು ಅವ್ರಿಗೆ ಗೊತ್ತಿತ್ತಾ?"

"ಇಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಕಡೆ ತಿರುಗಿ, ಅಲ್ಲಿಯ ತನಕ ಎಂದೂ ಕರೆಯದ ಏಕವಚನದಲ್ಲಿ ಹೇಳಿದರು.

"ಕೊನೇ ದಿನ ನೀರು ಇಳೀತಿರ್ಲಿಲ್ಲ ಅವ್ರಿಗೆ. ಅವಾಗ್ಲೂ ನಿನ್ನೇ ಹೊಗಳ್ತಿದ್ರಲ್ಲೇ."

ಎದ್ದು ಮಗಳ ಕೈಯಿಂದ ಫಿಲ್ಮು ತೆಗೆದುಕೊಂಡು, ಅದನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದರು. ನೇತ್ರಾ ಅವರ ಹಿಂದೆ ಹೋದಳು. ಇಬ್ಬರೂ ನನಗೆ ಕೈ ಮುಗಿಯಲಿಲ್ಲ.